ತಾಳ್ಮೆ ಯಾರದು?

ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತು ‘ತಾಳು’. ಒಲೆಯ ಮುಂದಿನಿಂದ ತಾಯಿ ಮಗುವಿಗೆ ಅನ್ನುತ್ತಾಳೆ, ‘ತಾಳೋ, ಬಂದೆ!’ ಧಾರವಾಡದ ಕಡೆಯವರಾದರೆ ‘ತಡಿ’ ಎನ್ನುತ್ತಾರೆ. ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳು ‘ಥಾಂಬ್’ ಎಂದೋ ‘ರುಕೋ’ ಎಂದೋ ಮುಗಿಸಿಬಿಡುತ್ತಾರೆ. ಅದರಿಂದಲೂ ಕೆಲಸವೇನೋ ಆಗುತ್ತದೆ. ಆದರೆ ನಿಲ್ಲು ಎಂಬುದೇ ಆ ಮಾತುಗಳ ಮೂಲಾರ್ಥ; ನಮ್ಮ ‘ತಾಳು’ವಿನ ಹೊಟ್ಟೆಯಲ್ಲಿ ಇನ್ನೂ ಎಷ್ಟೋ ಇದೆ.

ತಾಳುವುದೆಂದರೆ ಕಾಯುವುದು, ಸಹಿಸುವುದು. ಇವೆರಡೂ ಎಲ್ಲರಿಗೂ ಗೊತ್ತು. ಸೀರೆ ಕೊಳ್ಳುವಾಗ ‘ತಾಳಿಕೆ ಬರುತ್ತದೆಯೇ?’ ಎಂದು ಕೇಳುವ ಗೃಹಿಣಿಗೆ ಮೂರನೆಯ ಅರ್ಥವೂ ಗೊತ್ತು. ನಾವು ಮರೆಯುವುದು ನಾಲ್ಕನೆಯದನ್ನು. ಮೌನ ತಾಳಿದರು, ವೈರಾಗ್ಯ ತಾಳಿದರು ಎನ್ನುತ್ತೇವಲ್ಲ, ಅಲ್ಲಿ ತಾಳುವುದೆಂದರೆ ತಾನಾಗಿ ಧರಿಸುವುದು. ಒಬ್ಬರಿಗಾಗಿ ಇನ್ನೊಬ್ಬರು ಮೌನ ತಾಳಲಾರರು. ಬಾಯಿ ಮುಚ್ಚಿಸಬಹುದು, ಅದು ಮೌನವಾಗದು. ತಾಳ್ಮೆಯೂ ಹಾಗೆಯೇ. ತಾನಾಗಿ ಹೊತ್ತರೆ ತಾಳ್ಮೆ. ಹೊರಿಸಿದರೆ ಬರಿಯ ಹೊರೆ.

ಇದಕ್ಕೆ ಶಬ್ದಲೋಕದಿಂದಲೇ ಒಂದು ನಿದರ್ಶನ ಕೊಡಬಹುದು. ಜರ್ಮನಿಯ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದರು. ಸುಮಾರು 70,000 ಶಬ್ದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಪರಭಾಷೆಯ ಶಬ್ದಗಳನ್ನು ಒಂದೊಂದಾಗಿ ಕೂಡಿಸಿ, ಅರ್ಥ ಗೊತ್ತುಮಾಡುತ್ತ ವರ್ಷಗಟ್ಟಲೆ ಕೂರುವುದೆಂದರೇನು ಸಾಮಾನ್ಯವೇ? ಆಜ್ಞೆಯಿಂದ ಕೆಲಸ ಹೊರಿಸಬಹುದು. ಅಂಥ ತಾಳ್ಮೆಯನ್ನು ಹೊರಿಸಲಾಗದು.

ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿರುವ ನಮಗೆ ಈ ಭೇದ ದಿನವೂ ಕಾಣುತ್ತದೆ. ಕಿಟಕಿಯ ಆಚೆ ಸಾಲಿನಲ್ಲಿ ನಿಂತವರಿಗೆ ‘ಸ್ವಲ್ಪ ತಾಳಿ’ ಎನ್ನುವುದು ಈಚೆ ಕುರ್ಚಿಯಲ್ಲಿ ಕುಳಿತವರಿಗೆ ಬಹು ಸುಲಭ. ಪಿಂಚಣಿಯ ಕಾಗದಕ್ಕಾಗಿ ಬಂದ ಮುದುಕರಿಗೆ ಆ ‘ಸ್ವಲ್ಪ’ ಎಂದರೆ ಅರ್ಧ ಗಂಟೆಯೋ ಅರ್ಧ ವರ್ಷವೋ ತಿಳಿಯದು. ‘ಸೋಮವಾರ ಹನ್ನೊಂದಕ್ಕೆ ಬನ್ನಿ, ಕಾಗದ ಸಿದ್ಧವಿರುತ್ತದೆ’ ಎಂದರೆ ಅವರೇ ನಗುತ್ತ ಹೋಗುತ್ತಾರೆ. ಕಾಯುವ ದಿನಗಳೇನೂ ಕಡಿಮೆಯಾಗಲಿಲ್ಲ. ಗಡುವು ತಿಳಿಯಿತು, ಅಷ್ಟೆ. ಕಾನೂನು ಕೂಡ ಇದನ್ನು ಒಪ್ಪಿದೆ. 2005ರ ಮಾಹಿತಿ ಹಕ್ಕು ಕಾಯಿದೆ ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಅವಧಿ ಇಟ್ಟಿತು. ಕರ್ನಾಟಕದ 2011ರ ಸಕಾಲ ಕಾಯಿದೆ, ಮಹಾರಾಷ್ಟ್ರದ 2015ರ ಲೋಕಸೇವಾ ಹಕ್ಕು ಕಾಯಿದೆಗಳೂ ಆಯಾ ಸೇವೆಗೆ ದಿನ ಗೊತ್ತುಪಡಿಸುವ ದಾರಿ ಹಿಡಿದವು. ಜನ ತಾಳಬೇಕು, ಸರಿ; ಎಷ್ಟು ದಿನವೆಂಬುದನ್ನು ಕಚೇರಿ ಹೇಳಬೇಕು.

ಮನೆಯೊಳಗೆ ಅಂಥ ಗಡುವನ್ನು ಯಾರೂ ಬರೆದಿಟ್ಟಿಲ್ಲ. ಇಲ್ಲಿ ತಾಳ್ಮೆಯ ಉಪದೇಶ ನೀರಿನಂತೆ ಮೇಲಿನಿಂದ ಕೆಳಕ್ಕೇ ಹರಿಯುತ್ತದೆ: ಅತ್ತೆಯಿಂದ ಸೊಸೆಗೆ, ಅಣ್ಣನಿಂದ ತಂಗಿಗೆ, ಹಿರಿಯರಿಂದ ಕಿರಿಯರಿಗೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆ ಒಳ್ಳೆಯದೇ. ಆದರೆ ಅದನ್ನು ಹೇಳುವವರು ಯಾರು, ಕೇಳಬೇಕಾದವರು ಯಾರು ಎಂಬುದನ್ನು ಸ್ವಲ್ಪ ನೋಡಿ. ಗಂಡನ ಕೈ ಮೇಲೇಳುವ ಮನೆಯಿಂದ ಮಗಳು ಅಳುತ್ತ ಫೋನು ಮಾಡುತ್ತಾಳೆ. ‘ತಾಳಿಕೋ ಅಮ್ಮ, ಎಲ್ಲ ಸರಿಹೋಗುತ್ತದೆ’ ಎಂದು ನೂರಾರು ಮೈಲಿಯಾಚೆ ಕುಳಿತು ಹೇಳಿದರೆ ಅದು ತಾಳ್ಮೆಯ ಪಾಠವಲ್ಲ. ತವರಿನ ಹೊಣೆಯನ್ನು ಅವಳ ತಲೆಗೇ ಕಟ್ಟಿದ ಹಾಗೆ. ಅವಳಿಗೂ ‘ತಾಳು’ ಎನ್ನಬಹುದು, ಆದರೆ ಒಲೆಯ ಮುಂದಿನ ತಾಯಿ ಅನ್ನುವಂತೆ: ‘ತಾಳು, ಈಗಲೇ ಹೊರಟು ಬಂದೆವು.’

ಪರನಾಡಿನಲ್ಲಿರುವ ನಾವು ಮಕ್ಕಳಿಗೆ ಈ ಕನ್ನಡದ ಮಾತನ್ನು ಕಲಿಸೋಣ. ತಾಳು ಎಂದವರು ಬರಬೇಕು ಎಂಬುದನ್ನೂ ಜೊತೆಗೇ ಕಲಿಸೋಣ.