ವಸಂತದ ಹೂಗಿಡಗಳೂ ಮನೆಯ ಆರೋಗ್ಯವೂ

ಫಾಲ್ಗುಣ ಮಾಸ ಕಾಲಿಡುತ್ತಲೇ ಸೂರತ್ತಿನ ಕನ್ನಡಿಗರ ಮನೆಯ ಗ್ಯಾಲರಿಗಳಲ್ಲಿ ಹೂಕುಂಡಗಳ ಸಾಲು ಬೆಳೆಯತೊಡಗುತ್ತದೆ. ಬೆಂಗಳೂರಿನಿಂದ ಜೋಪಾನವಾಗಿ ತಂದ ಬಿಗೋನಿಯಾ, ಫ್ಯೂಷಿಯಾಗಳಿಗೆ ಅಲ್ಲಿ ಅಗ್ರಸ್ಥಾನ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ತಂಪಿಗೆ ಒಗ್ಗಿದ ಈ ಗಿಡಗಳು ತಾಪಿ ತೀರದ ಬೇಸಿಗೆಯನ್ನು ತಾಳಲಾರವು. ಬಾಡಿದುದನ್ನು ಉಳಿಸುವ ಆತುರದಲ್ಲಿ ಹೊತ್ತುಹೊತ್ತಿಗೂ ನೀರೆರೆಯಲಾಗುತ್ತದೆ. ಬೇರು ಕೊಳೆಯುತ್ತದೆ, ಹೆಚ್ಚಾದ ನೀರು ಕುಂಡದಡಿಯ ತಟ್ಟೆಯಲ್ಲಿ ನಿಲ್ಲುತ್ತದೆ. ಅನಾರೋಗ್ಯದ ಮೂಲ ಇರುವುದು ಅಲ್ಲಿಯೇ.

ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಕೊಳೆತ ಚರಂಡಿ ಬೇಕಿಲ್ಲ. ತಟ್ಟೆಯ ತಿಳಿನೀರೇ ಸಾಕು. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯು ಸೊಳ್ಳೆಯಾಗಲು ಏಳರಿಂದ ಹತ್ತು ದಿನಗಳು ಹಿಡಿಯುತ್ತವೆ. ತಟ್ಟೆಯ ಅಂಚಿಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ಹಲವು ತಿಂಗಳು ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದುದರಿಂದ ನೀರನ್ನು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ತಟ್ಟೆಯನ್ನು ತಿಕ್ಕಿ ತೊಳೆದು ಒಣಗಿಸಬೇಕು. ಬಾಟಲಿಯ ಮನಿಪ್ಲಾಂಟಿಗೂ ಇದೇ ನಿಯಮ.

ಅದಕ್ಕೂ ಮೊದಲು ಬೇಕಾದುದು ಗಿಡದ ಆಯ್ಕೆಯಲ್ಲಿ ವಿವೇಕ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗನ್ನು ಬೆಳೆಸಿದ ಜರ್ಮನ್ ಸಸ್ಯಶಾಸ್ತ್ರಜ್ಞ ಕ್ರುಂಬಿಗಲ್ ಅವರು ಅದಕ್ಕೆ ಮುನ್ನ ಬರೋಡದ ಮಹಾರಾಜರ ಉದ್ಯಾನಗಳಲ್ಲಿ ದುಡಿದವರು. ಒಂದು ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಅವರು ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ನೆಲ, ಹವೆ, ಋತುಗಳನ್ನರಿತು ನೆಡುವ ಆ ಕ್ರಮ ಚಿಕ್ಕ ಗ್ಯಾಲರಿಗೂ ಸಲ್ಲುತ್ತದೆ. ವಸಂತಕ್ಕೆ ಕಾಗದದ ಹೂವು, ಬೇಸಿಗೆಗೆ ಮಲ್ಲಿಗೆ, ಮಳೆಗಾಲಕ್ಕೆ ನಂದಿಬಟ್ಟಲು, ವರ್ಷವಿಡೀ ದಾಸವಾಳ ಹಾಗೂ ನಿತ್ಯಪುಷ್ಪ: ಇವು ಇಲ್ಲಿನ ಬಿಸಿಲಿಗೆ ಒಗ್ಗಿದವು. ಮೇಲ್ಮಣ್ಣು ಒಣಗಿದಾಗ ನೀರುಣಿಸಿದರೆ ಸಾಕು. ಕಣಗಿಲೆಯೂ ಬಿಸಿಲಿಗೆ ಬಗ್ಗದು. ಆದರೆ ಅದರ ಸರ್ವಾಂಗವೂ ವಿಷಮಯವಾದುದರಿಂದ ಎಳೆಯ ಮಕ್ಕಳಿರುವ ಮನೆಗೆ ಅದು ತಕ್ಕುದಲ್ಲ.

ತವರಿನಿಂದ ತಂದ ಗಿಡ ತವರಿನ ನೆನಪಲ್ಲವೇ ಎಂದು ಕೆಲವರು ಕೇಳಬಹುದು. ಮಾತು ನಿಜ. ಆದರೆ ಇಲ್ಲಿ ‘ಮೋಗ್ರೊ’ ಎನಿಸಿಕೊಳ್ಳುವುದೂ ನಮ್ಮ ಮಲ್ಲಿಗೆಯೇ; ಹೆಸರು ಬದಲಾದರೂ ಪರಿಮಳ ಬದಲಾಗಿಲ್ಲ. ವರ್ಷವರ್ಷವೂ ಸಾಯುವ ಗಿಡಕ್ಕಿಂತ ಬಾಳುವ ಗಿಡವೇ ನೆನಪಿಗೆ ಹೆಚ್ಚು ಆಸರೆ.

1994ರ ಪ್ಲೇಗಿನ ತರುವಾಯ ಸೂರತ್ ನಗರವು ಶುಚಿತ್ವದ ಪಾಠವನ್ನು ಕಲಿತು ದೇಶದ ಮೆಚ್ಚುಗೆಗೆ ಪಾತ್ರವಾಯಿತು. ಬೀದಿಯನ್ನು ನಗರಪಾಲಿಕೆ ಗುಡಿಸೀತು. ಕುಂಡದಡಿಯ ತಟ್ಟೆಯನ್ನು ಮನೆಯವರೇ ತೊಳೆಯಬೇಕು. ಮಳೆಗಾಲಕ್ಕೆ ಮುನ್ನ ಆ ಅಭ್ಯಾಸವನ್ನು ರೂಢಿಸಿಕೊಳ್ಳಲು ವಸಂತವೇ ಸಕಾಲ.