ಸಾಬೀತಾಗದ ಉಸಿರು

ಶ್ವಾಸಕೋಶ ಒಮ್ಮೆ ಕೆಟ್ಟರೆ ಕೆಟ್ಟಂತೆಯೇ ಎಂಬ ಮಾತು ಈಗ ಪೂರ್ತಿ ನಿಜವಲ್ಲ. ಅದರೊಳಗಿನ ಕೋಟ್ಯಂತರ ಗಾಳಿಚೀಲಗಳ ಗೋಡೆಯಲ್ಲಿ ಎರಡು ಬಗೆಯ ಜೀವಕೋಶಗಳಿವೆ. ತೆಳ್ಳಗೆ ಹರಡಿಕೊಂಡ ಮೊದಲ ಬಗೆಯವುಗಳ ಮೂಲಕ ಆಮ್ಲಜನಕ ರಕ್ತಕ್ಕೆ ದಾಟುತ್ತದೆ. ಎರಡನೆಯ ಬಗೆಯವು ಪೆಟ್ಟಾದಾಗ ವಿಭಜನೆಗೊಂಡು, ಮೊದಲ ಬಗೆಯವಾಗಿ ಮಾರ್ಪಟ್ಟು ಗೋಡೆಯನ್ನು ಸರಿಪಡಿಸುತ್ತವೆ. ಈ ದುರಸ್ತಿ ದಾರಿ ತಪ್ಪಿದಲ್ಲಿ ಗಡಸು ನಾರು ಬೆಳೆದು ಉಸಿರು ಕುಗ್ಗುತ್ತದೆ. ತಪ್ಪಿದ್ದನ್ನು ಮತ್ತೆ ದಾರಿಗೆ ತರುವುದೇ ಪುನರುತ್ಪಾದಕ ವೈದ್ಯಕೀಯದ ಹಂಬಲ.

ಹಂಬಲ ಹುಸಿಯಲ್ಲ. 2010ರಲ್ಲಿ ಯೇಲ್ ವಿಶ್ವವಿದ್ಯಾಲಯದ ಲಾರಾ ನಿಕ್ಲಾಸನ್ ಅವರ ತಂಡ ಇಲಿಯ ಶ್ವಾಸಕೋಶದಿಂದ ಜೀವಕೋಶಗಳನ್ನೆಲ್ಲ ತೊಳೆದು, ಉಳಿದ ಹಂದರದಲ್ಲಿ ಹೊಸ ಕೋಶಗಳನ್ನು ಬೆಳೆಸಿ ಇನ್ನೊಂದು ಇಲಿಗೆ ಜೋಡಿಸಿತು. ಅದು ಉಸಿರಾಡಿದ್ದು ಹೆಚ್ಚೆಂದರೆ ಎರಡು ಗಂಟೆ. ವಿಜ್ಞಾನಕ್ಕೆ ಅದು ದೊಡ್ಡ ಹೆಜ್ಜೆ. ರೋಗಿಯ ಮಂಚದವರೆಗಿನ ಹಾದಿ ಮಾತ್ರ ಇನ್ನೂ ದೂರ.

ಆ ದೂರವನ್ನು ಕ್ರಮಿಸದೆಯೇ ಮುಟ್ಟಿದೆವೆಂದರೆ ಏನಾಗುತ್ತದೆಂಬುದಕ್ಕೆ ಸ್ವೀಡನ್ ಸಾಕ್ಷಿ. ಶಸ್ತ್ರಚಿಕಿತ್ಸಕ ಪಾವೊಲೊ ಮಕ್ಕಿಯಾರಿನಿ ರೋಗಿಯದೇ ಕಾಂಡಕೋಶಗಳನ್ನು ಲೇಪಿಸಿದ ಕೃತಕ ಶ್ವಾಸನಾಳವನ್ನು 2011ರಿಂದ ಅಲ್ಲಿ ಮೂವರಿಗೆ ಅಳವಡಿಸಿದರು. ಜಗತ್ತು ಕೊಂಡಾಡಿತು. ಆ ಮೂವರೂ ಮುಂದೆ ತೀರಿಕೊಂಡರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರಿಗೆ ಎರಡೂವರೆ ವರ್ಷಗಳ ಸೆರೆವಾಸ ವಿಧಿಸಿತು.

ಸಾಯುವವನಿಗೆ ಕೊನೆಯದೊಂದು ಅವಕಾಶ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆದರೆ ಅದು ಪ್ರಯೋಗವೆಂದು ಹೇಳಿ, ಫಲಿತಾಂಶ ಬರೆದಿಟ್ಟು, ಕೆಡುಕಾದರೆ ಹೊಣೆ ಹೊತ್ತು ಕೊಡುವ ಅವಕಾಶವಾಗಿರಬೇಕು. ಹಣ ಪಡೆದು, ಲೆಕ್ಕ ಕೊಡದೆ ಚುಚ್ಚುವ ಸೂಜಿ ಅವಕಾಶವಲ್ಲ, ವ್ಯಾಪಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ರಕ್ತಸಂಬಂಧಿ ರೋಗಗಳಂಥ ಅಂಗೀಕೃತ ಚಿಕಿತ್ಸೆಗಳ ಹೊರತು ಕಾಂಡಕೋಶ ಬಳಕೆಯನ್ನು ಕ್ಲಿನಿಕಲ್ ಟ್ರಯಲ್‌ಗಷ್ಟೇ ಸೀಮಿತಗೊಳಿಸಿದೆ.

ಮಹಾನಗರಗಳಲ್ಲಿರುವ ನಮಗೆ ಇಲ್ಲೊಂದು ಹೊಣೆಯಿದೆ. ಊರಿನಲ್ಲಿ ಯಾರಿಗಾದರೂ ಏದುಸಿರು ಹೆಚ್ಚಿದರೆ, "ನಿಮ್ಮಲ್ಲಿ ಹೊಸ ಚಿಕಿತ್ಸೆ ಬಂದಿದೆಯಂತಲ್ಲ?" ಎಂಬ ಕರೆ ಬರುವುದು ನಮಗೇ. ಆಸ್ಪತ್ರೆಯ ವಿಳಾಸ ಕೊಡುವ ಮುನ್ನ ಮೂರು ಪ್ರಶ್ನೆ ಕೇಳೋಣ: ಇದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ? ನೀತಿ ಸಮಿತಿ ಒಪ್ಪಿದೆಯೇ? ಖರ್ಚು ಯಾರದು? ಉತ್ತರ ತಡವರಿಸಿದರೆ ವಿಳಾಸ ಕೊಡದಿರುವುದೇ ಉಪಕಾರ. ಮನೆ ಮಾರಿ ಕೊಂಡ ಭರವಸೆ ಹುಸಿಯಾದಾಗ ಹೋದವರ ದುಃಖದ ಜೊತೆಗೆ ಉಳಿದವರಿಗೆ ಸಾಲವೂ ಉಳಿಯುತ್ತದೆ.