ದಾರ ಕಟ್ಟಿದ ಗುಳಿಗೆ ನಮಗೂ ಬೇಕು

ನಮ್ಮಲ್ಲಿ ಎದೆ ಉರಿದರೂ ಗ್ಯಾಸ್, ಹುಳಿತೇಗು ಬಂದರೂ ಗ್ಯಾಸ್. ನಾನೂ ಆರು ವರ್ಷ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ದಿನ ದೂಡಿದೆ. ಎಂಡೋಸ್ಕೋಪಿ ಮಾಡಿಸಿ ಎಂದು ಡಾಕ್ಟರು ಎರಡು ಸಲ ಚೀಟಿ ಬರೆದರು. ಎರಡು ಸಲವೂ ಅದು ಅಂಗಿ ಜೇಬಿನಲ್ಲೇ ಒಗೆಯೋಕೆ ಹೋಯಿತು.

ಮೂರನೇ ಸಲ ಹೆಂಡತಿ ಎಳೆದುಕೊಂಡು ಹೋದಳು. ಮಂಪರಿನ ಇಂಜೆಕ್ಷನ್ ಕೊಟ್ಟರೆ ಅವತ್ತು ಗಾಡಿ ಓಡಿಸುವಂತಿಲ್ಲ ಎಂದರು; ಬೇಡವೆಂದೆ. ಗಂಟಲಿಗೆ ಕಹಿ ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸಿ, ಹಲ್ಲಿಗೆ ಪ್ಲಾಸ್ಟಿಕ್ ಬಳೆಯಂಥದ್ದು ಕಚ್ಚಿಸಿ ಕೊಳವೆ ಇಳಿಸಿದರು. ಐದೇ ನಿಮಿಷ. ಓಕರಿಕೆಗೆ ದಿಂಬೆಲ್ಲ ಒದ್ದೆ.

ಇದಕ್ಕೊಂದು ದಾರಿಯನ್ನು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಗ್ಯಾರಿ ಟಿಯರ್ನಿ ತಂಡ 2013ರಲ್ಲೇ ತೋರಿಸಿತು. ತೆಳು ದಾರ ಕಟ್ಟಿದ ಗುಳಿಗೆಯನ್ನು ಎಚ್ಚರವಿದ್ದೇ ನೀರಿನ ಜೊತೆ ನುಂಗುವುದು. ಒಳಗೆ ಸುತ್ತುವ ಬೆಳಕು ಅನ್ನನಾಳದ ಗೋಡೆಯನ್ನು ಪದರ ಪದರವಾಗಿ ಚಿತ್ರಿಸುತ್ತದೆ. ಆಮೇಲೆ ಎಳೆದುಕೊಂಡು, ಶುದ್ಧಮಾಡಿ, ಇನ್ನೊಬ್ಬರಿಗೆ ಬಳಸಬಹುದು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾಮೆರಾ ಕ್ಯಾಪ್ಸೂಲ್‌ಗೆ ದಾರವಿಲ್ಲ. ಸಣ್ಣ ಕರುಳು ನೋಡಲು ಅದು ಸರಿ, ಅನ್ನನಾಳವನ್ನು ಮಾತ್ರ ಕೆಲವೇ ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಬಾವಿಗೆ ಬಿದ್ದ ಕೊಡಕ್ಕೂ ಹಗ್ಗ ಕಟ್ಟಿದ ಕೊಡಕ್ಕೂ ಇರುವ ವ್ಯತ್ಯಾಸ ಇದು. ಒಂದೊಂದು ರೂಪಾಯಿ ಎಣಿಸುವ ತಾಲೂಕು ಆಸ್ಪತ್ರೆಗೆ ಹಗ್ಗದ ಕೊಡವೇ ಲೇಸು.

ಗುಳಿಗೆ ಚೂರು ಮಾಂಸ ಕಿತ್ತು ತರಲಾರದು, ಬಯಾಪ್ಸಿಗೆ ಕೊಳವೆಯೇ ಬೇಕು ಎನ್ನುತ್ತಾರೆ. ನಿಜ. ಆದರೆ ಜರಡಿ ಹಿಡಿದರೆ ಕೊಳವೆ ಯಾರಿಗೆ ಬೇಕೆಂದು ಗೊತ್ತಾಗುತ್ತದಲ್ಲ? ಇನ್ನೊಂದು ಮಾತು: ಆ ಗುಳಿಗೆ ಹುಟ್ಟಿದ್ದು ಆಮ್ಲ ಮೇಲೇರಿ ಅನ್ನನಾಳದ ಒಳಪೊರೆ ಬದಲಾಗುವ ಪಶ್ಚಿಮದವರ ತೊಂದರೆಗೆ. ನಮ್ಮಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚಾಗಿ ಬೇರೆ ಬಗೆಯದು. ಹೊಗೆಸೊಪ್ಪು, ಅಡಿಕೆ, ಹೆಂಡದ ಜೊತೆ ಬರುವಂಥದ್ದು. ಹಾಗಾಗಿ ತರಿಸಿಕೊಂಡರೆ ಸಾಲದು, ನಮ್ಮ ವೈದ್ಯ ಕಾಲೇಜುಗಳು ನಮ್ಮವರ ಮೇಲೇ ಪರೀಕ್ಷಿಸಿ ನೋಡಬೇಕು. ಅದಕ್ಕೆ ಸರ್ಕಾರ ದುಡ್ಡು ಇಡಬೇಕು.

ನನ್ನ ರಿಪೋರ್ಟಿನಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಪಕ್ಕದ ಮನೆಯ ಅಡಿಕೆ ಮಂಡಿ ಯಜಮಾನರಿಗೆ ಮೊನ್ನೆಯಿಂದ ಮುದ್ದೆ ಎದೆಯಲ್ಲಿ ನಿಂತಂತಾಗುತ್ತದಂತೆ. ಚೀಟಿ ಅವರ ಜೇಬಿನಲ್ಲೂ ಇದೆ. ಗುಳಿಗೆ ಬರಲಿ ಎಂದು ಕೂರುವ ಹೊತ್ತಲ್ಲ ಇದು. ನಾಳೆ ಎಂಟು ಗಂಟೆಗೆ ನಾನೇ ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತೇನೆ.